ಕರಾವಳಿ ಮಳೆಗಾಲಕ್ಕೆ ಮುಚ್ಚಿದ ಯುಟಿಲಿಟಿ: ಡ್ರೈಯರ್ ಇಲ್ಲದೆ ಬಟ್ಟೆ ಒಣಗಿಸಿದ ನನ್ನ ಅನುಭವ

ನಮ್ಮ ಕುಮಟಾ ಕಡೆ ಯಾರೇ ಹೊಸ ಮನೆ ಕಟ್ಟಿಸಿದ್ರೂ ಯುಟಿಲಿಟಿ, ಅಂದ್ರೆ ಬಟ್ಟೆ ಒಗೆಯೋ ಒಣಗಿಸೋ ಜಾಗ, ಒಂದೇ ಥರ, ಅಡುಗೆಮನೆ ಹಿಂದೆ ಗ್ರಿಲ್ಲು, ಮೇಲೆ ಶೀಟು, ಮೂರು ಕಡೆಯಿಂದ ಗಾಳಿ. ನಾನು ಅದನ್ನ ನಾಲ್ಕೂ ಕಡೆ ಗೋಡೆ ಎತ್ತಿ, ರಬ್ಬರ್ ಪಟ್ಟಿ ಇರೋ ಯುಪಿವಿಸಿ ಕಿಟಕಿ ಬಾಗಿಲು ಹಾಕಿ ಗಾಳಿ ಆಡದ ಹಾಗೆ ಮುಚ್ಚಿಸಿದೆ. ಮೇಸ್ತ್ರಿ ಬೇಡ ಅಂದ್ರು, ವೈರಿಂಗ್ ಮಾಡೋ ಹುಡುಗ "ಅಕ್ಕಾ, ಇಲ್ಲಿ ಅಣಬೆ ಬೆಳೀತದೆ ನೋಡಿ" ಅಂದ, ನಮ್ಮ ಅತ್ತೆ ಅಂತೂ ಗೃಹಪ್ರವೇಶ ಆಗೋವರೆಗೂ "ಗಾಳಿ ಬೆಳಕು ಇಲ್ಲದ ಕೋಣೇಲಿ ಬಟ್ಟೆ ಹೇಗೆ ಒಣಗ್ತದೆ ಮಾರಾಯ್ತಿ" ಅಂತಾನೇ ಇದ್ರು. ಮಳೆಗಾಲ ಎರಡು ಕಳೀತು, ಆರಿದ್ರಾ ಪುಷ್ಯ ಎಲ್ಲಾ ಜಡಿದು ಹೊಡೆದು ಹೋಯ್ತು, ಆ ಕೋಣೇಲಿ ಡಿಹ್ಯುಮಿಡಿಫೈಯರ್ ಅಂತ ಗಾಳಿಯ ತೇವ ಎಳೆದು ನೀರು ಮಾಡೋ ಮಷೀನು ಇಟ್ಟು, ಬೆಳಿಗ್ಗೆ ಒಗೆದ ಬಟ್ಟೆ ಮಧ್ಯಾಹ್ನ ಮಡಚಿ ಇಡ್ತೀನಿ. ಈಗ ಅತ್ತೇನೇ ಬಂದವರಿಗೆ ಬಾಗಿಲು ತೆಗೆದು ತೋರಿಸ್ತಾರೆ. ಅದಕ್ಕೇ ಬರೀತಿದ್ದೀನಿ.

ಮೊದಲು ಏನೇನು ಮಾಡಿ ಸೋತಿದ್ವಿ ಅನ್ನೋದು ಹೇಳ್ತೀನಿ, ಯಾಕಂದ್ರೆ ನೀವೂ ಅದನ್ನೇ ಮಾಡ್ತಿರ್ತೀರಿ. ಹಳೇ ಮನೇಲಿ ಬಚ್ಚಲ ಒಲೆ ಮೇಲೆ ಗಳ ಕಟ್ಟಿ ಒಣಗಿಸ್ತಿದ್ವಿ, ಬಟ್ಟೆ ಒಣಗೋದು ನಿಜ, ಆದ್ರೆ ಶಾಲೆ ಯೂನಿಫಾರ್ಮ್ ಹೊಗೆ ವಾಸನೆ, ಬಿಳಿ ಪಂಚೆ ಹಳದಿ. ಆಮೇಲೆ ಗ್ರಿಲ್ ಯುಟಿಲಿಟೀಲಿ ಫ್ಯಾನ್ ಹಾಕಿದ್ವಿ, ಜುಲೈನಲ್ಲಿ ಹೊರಗಿನ ಗಾಳೀಲೇ ತೇವ ಶೇಕಡಾ ತೊಂಬತ್ತರ ಮೇಲೆ ಇರ್ತದೆ, ಆ ಗಾಳಿ ಎಷ್ಟು ಬೀಸಿದ್ರೂ ಮೂರನೇ ದಿನಕ್ಕೆ ಮುಗ್ಗಲು ವಾಸನೆ ಬರೋದು ತಪ್ಪಲಿಲ್ಲ. ಒಂದು ವರ್ಷ ಕೋಣೆ ಮುಚ್ಚಿ ಹ್ಯಾಲೋಜನ್ ಹೀಟರ್ ಇಟ್ವಿ, ಕಿಟಕಿ ಗಾಜಿನ ಮೇಲೆ ನೀರು ಇಳೀತು ಅಷ್ಟೇ, ಆ ನೀರು ಹೋಗಬೇಕಾದ್ರೂ ಎಲ್ಲಿಗೆ. ಕಾರವಾರದಲ್ಲಿ ಅಕ್ಕನ ಮನೇಲಿ ವಾಷರ್-ಡ್ರೈಯರ್ ಎರಡೂ ಒಂದೇ ಇರೋ ಮಷೀನು, ಒಗೆದು ಒಣಗಿಸಿ ಕೊಡೋಕೆ ಆರು ತಾಸು ಹತ್ರ ತಗೊಳ್ತದೆ, ಒಗೆಯೋದಕ್ಕೆ ಹಾಕಿದಷ್ಟು ಬಟ್ಟೆ ಒಣಗೋದಕ್ಕೆ ಹಿಡಿಯಲ್ಲ, ಅರ್ಧ ತೆಗೆದು ಹೊರಗಿಡಬೇಕು. ಬರೀ ಡ್ರೈಯರ್ ಚೆನ್ನಾಗೇ ಒಣಗಿಸ್ತದೆ, ಆದ್ರೆ ಎರಡು ಸಾವಿರ ವ್ಯಾಟಿನ ಕಾಯಿಲ್, ಸಂಜೆ ನಮ್ಮಲ್ಲಿ ವೋಲ್ಟೇಜ್ 180ಕ್ಕೆ ಇಳಿದಾಗ ಅದು ಅರೆಜೀವ, ಇನ್ವರ್ಟರ್ ಮೇಲೆ ಓಡೋ ಮಾತೇ ಇಲ್ಲ. ಹೀಟ್ ಪಂಪ್ ಡ್ರೈಯರ್, ಅಂದ್ರೆ ಕಾಯಿಲ್ ಬದಲು ಕಂಪ್ರೆಸರಿಂದ ಬಿಸಿ ಮಾಡೋದು, ಒಳ್ಳೇದು, ಹುಬ್ಬಳ್ಳೀಲಿ ವಿಚಾರಿಸಿದಾಗ ಎಪ್ಪತ್ತು ಸಾವಿರದ ಮೇಲೆ ಹೇಳಿದ್ರು, ಮತ್ತೆ ರಿಪೇರಿಗೆ ಘಟ್ಟ ಇಳಿದು ಯಾರು ಬರ್ತಾರೆ?

ಇನ್ನೊಂದು, ಆನ್‌ಲೈನಲ್ಲಿ ನಾಲ್ಕೈದು ಸಾವಿರಕ್ಕೆ ಸಿಗೋ ಸಣ್ಣ ಡಿಹ್ಯುಮಿಡಿಫೈಯರ್, ಒಳಗೆ ಕಂಪ್ರೆಸರ್ ಇಲ್ಲ, ಕರೆಂಟು ಹರಿದ್ರೆ ಒಂದು ಬದಿ ತಣ್ಣಗಾಗೋ ಪೆಲ್ಟಿಯರ್ ಚಿಪ್ ಇರ್ತದಲ್ಲ ಅದು. ರಾತ್ರಿಯೆಲ್ಲಾ ಓಡಿದ್ರೆ ಒಂದು ಲೋಟ ನೀರು. ಬಟ್ಟೆ ಕಪಾಟಿಗೆ ಸಾಕು, ಕೋಣೆಗಲ್ಲ. ಅದು ಈಗ ರೇಷ್ಮೆ ಸೀರೆ ಕಪಾಟಲ್ಲಿದೆ.

ನಾನು ತಗೊಂಡಿದ್ದು ಕಂಪ್ರೆಸರ್ ಇರೋದು, ದಿನಕ್ಕೆ 20 ಲೀಟರ್ ಅಂತ ಬರೆದಿರ್ತದೆ, ಇಪ್ಪತ್ತೊಂದು ಸಾವಿರ ಆಯ್ತು ಅನ್ಸ್ತದೆ. ಆ 20 ಲೀಟರ್ ಲೆಕ್ಕ 30 ಡಿಗ್ರಿ, 80% ತೇವ ಇರೋವಾಗಿಂದು, ನಮ್ಮ ಕೋಣೇಲಿ ಹನ್ನೆರಡು ಹದಿಮೂರು ಲೀಟರ್ ಅಂತ ಹಿಡ್ಕೊಳ್ಳಿ. ಕರೆಂಟು 280-300 ವ್ಯಾಟ್. ಅದರ ಪೈಪು ನೇರ ನೆಲದ ಜಾಲಿಗೆ ಬಿಟ್ಟಿದ್ದೀನಿ, ಡಬ್ಬ ಖಾಲಿ ಮಾಡೋ ಕೆಲಸ ಇಲ್ಲ. ಜಾಲಿ ಮಾತ್ರ ನೀರು ನಿಲ್ಲೋ ಟ್ರ್ಯಾಪ್ ಇರೋದೇ ಆಗಬೇಕು, ಇಲ್ಲಾಂದ್ರೆ ಚರಂಡಿ ಹಸಿ ಗಾಳಿ ಅದೇ ದಾರೀಲಿ ಒಳಗೆ ಬರ್ತದೆ, ಜಿರಳೆ ಬೇರೆ. ಕೋಣೆ ಏಳು ಅಡಿ ಒಂಬತ್ತು ಅಡಿ, ದೊಡ್ಡದು ಮಾಡಬೇಡಿ. ಚಿರೆಕಲ್ಲಿನ ಗೋಡೆ ಮಳೆ ನೀರು ಕುಡೀತದೆ ಅನ್ನೋದು ನಿಮಗೆ ಹೇಳಬೇಕಾಗಿಲ್ಲ, ಪಡುವಣ ಗೋಡೆಗೆ ಹೊರಗಿಂದ ವಾಟರ್‌ಪ್ರೂಫ್ ಗಾರೆ, ಒಳಗೆ ಸೀಲಿಂಗ್‌ವರೆಗೆ ಟೈಲ್ಸ್. ಕಿಟಕಿ ಬಾಗಿಲು ಟೈಲ್ಸ್ ಎಲ್ಲಾ ಸೇರಿ ಗ್ರಿಲ್ ಯುಟಿಲಿಟಿಗಿಂತ ನಲವತ್ತು ಸಾವಿರ ಹತ್ರ ಜಾಸ್ತಿ ಆಯ್ತು. ಮರದ ಬಾಗಿಲು ಬೇಡವೇ ಬೇಡ, ಮಿರ್ಗದ ಮಳೆ ಬಿದ್ದ ಮೇಲೆ ಉಬ್ಬಿ ಮುಚ್ಚೋಕೇ ಬರಲ್ಲ.

ಇಷ್ಟಾದ್ರೂ ಅರ್ಧ ಗುಟ್ಟು ಇರೋದು ವಾಷಿಂಗ್ ಮಷೀನಲ್ಲಿ. ಅಂಗಡೀಲಿ ಎಷ್ಟು ಕೇಜಿ, ವೈಫೈ ಇದೆಯಾ, ಸ್ಟೀಮ್ ಇದೆಯಾ ಅಂತ ತೋರಿಸ್ತಾರೆ, ನಾನು ಕೇಳಿದ್ದು ಸ್ಪಿನ್ ಎಷ್ಟು, ಅಂದ್ರೆ ಬಟ್ಟೆ ಹಿಂಡೋವಾಗ ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ತಿರುಗ್ತದೆ ಅಂತ ಮಾತ್ರ. ಮೀನು ತೂಗೋ ಥರದ್ದು ಒಂದು ಸ್ಪ್ರಿಂಗ್ ತಕ್ಕಡಿ ಇದೆ ಮನೇಲಿ, ನಾಲ್ಕು ಕೇಜಿ ಒಣ ಬಟ್ಟೆ ತೂಗಿ ಹಳೇ ಟಾಪ್ ಲೋಡಲ್ಲಿ ಒಗೆದು ಹಿಂಡಿದ ಮೇಲೆ ಏಳು ಕೇಜಿ ಬಂತು, ಅದೇ ಬಟ್ಟೆ 1400 ಆರ್‌ಪಿಎಂ ಫ್ರಂಟ್ ಲೋಡಲ್ಲಿ ಆರೇ ಕೇಜಿ ಚಿಲ್ಲರೆ. ಹತ್ರ ಹತ್ರ ಒಂದು ಲೀಟರ್ ನೀರು ಮಷೀನೇ ತೆಗೆದು ಹಾಕ್ತದೆ, ಆ ಒಂದು ಲೀಟರ್‌ನ ಗಾಳಿಯಿಂದ ಎಳೀಬೇಕಾದ್ರೆ ಎರಡು ತಾಸು ಬೇಕು. ಮೂವತ್ತಾರು ಸಾವಿರ ಕೊಟ್ಟೆ, ಅದೇ ಕಂಪನೀದು 1000 ಆರ್‌ಪಿಎಂ ಇರೋದು ಆರೇಳು ಸಾವಿರ ಕಮ್ಮಿ ಇತ್ತು, ಭಾವ ಅದನ್ನೇ ತಗೋ ಅಂದ್ರು, ನಾನು ಬಗ್ಗಲಿಲ್ಲ.

ಈಗಿನ ಲೆಕ್ಕ ಹೀಗೆ. ನಾಲ್ಕು ಕೇಜಿ ಬಟ್ಟೆ, ಕೋಣೆ ಬಾಗಿಲು ಹಾಕಿ ಡಿಹ್ಯುಮಿಡಿಫೈಯರ್ ಒಂದು, ಸ್ಟ್ಯಾಂಡ್ ಫ್ಯಾನ್ ಒಂದು. ನಾಲ್ಕೂವರೆ ಐದು ತಾಸು, ಯೂನಿಟ್ ಒಂದೂವರೆ ಆಸುಪಾಸು. ಅಷ್ಟೇ ಬಟ್ಟೆಗೆ ಅಕ್ಕನ ಪಕ್ಕದ ಮನೆ ಡ್ರೈಯರ್ ಎರಡೂವರೆ ಯೂನಿಟ್ ದಾಟ್ತದೆ, ಮೀಟರ್ ಹಾಕಿ ನೋಡಿದ್ದೀವಿ. ಜೀನ್ಸು, ದಪ್ಪ ಟವೆಲ್ಲು ಮಾತ್ರ ಇನ್ನೆರಡು ತಾಸು. ಗೃಹಜ್ಯೋತಿ ಇರೋರಿಗೆ ಇದು ಯಾಕೆ ಮುಖ್ಯ ಅಂದ್ರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರ್ತದೆ, ನಾವು ಜುಲೈನಲ್ಲೂ 160-170ರಲ್ಲಿ ನಿಂತಿದ್ದೀವಿ. ಫ್ಯಾನ್ ಎಲ್ಲಿಡಬೇಕು, ಬಟ್ಟೆ ಯಾವ ಸಾಲಲ್ಲಿ ಯಾವುದು ಹಾಕಬೇಕು ಅನ್ನೋದ್ರಲ್ಲಿ ಒಂದು ತಾಸು ಉಳೀತದೆ, ಅದು ತುಂಬಾ ತಲೆ ಕೆಡಿಸ್ಕೊಂಡು ಕಂಡುಕೊಂಡಿದ್ದು, ಸದ್ಯಕ್ಕೆ ನನ್ನ ಹತ್ರನೇ ಇರ್ಲಿ. ಡಿಹ್ಯುಮಿಡಿಫೈಯರ್ ಗಾಳಿ ಬಟ್ಟೆಗೆ ನೇರ ಹೊಡೀಬಾರದು ಅಂತ ಮಾತ್ರ ಹೇಳ್ತೀನಿ.

ಮುಚ್ಚಿದ ಕೋಣೇಲಿ ಏನು ಇಡಬಾರದು ಅನ್ನೋದು ಇದಕ್ಕಿಂತ ದೊಡ್ಡ ವಿಷಯ, ದಯವಿಟ್ಟು ಓದಿ. ಗ್ಯಾಸ್ ಗೀಸರ್ ಖಂಡಿತ ಬೇಡ, ಗಾಳಿ ಆಡದ ಕಡೆ ಅದು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋಗ್ತದೆ, ವಾಸನೇನೂ ಬರಲ್ಲ. ಸಿಲಿಂಡರ್ ಬೇಡ, ಸೋರಿದ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಕೂತಿರ್ತದೆ. ಇನ್ವರ್ಟರ್‌ನ ಲೆಡ್ ಬ್ಯಾಟರಿಯೂ ಬೇಡ, ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಡ್ತದೆ. ಸಿಲಿಂಡರ್ ಹೊರಗೆ ಜಾಲರಿ ಗೂಡಲ್ಲಿ ಇಟ್ಟು ಗೋಡೆ ತೂತಿಂದ ಪೈಪ್ ತಂದಿದ್ದೀವಿ, ಬ್ಯಾಟರಿ ಮೆಟ್ಟಿಲ ಕೆಳಗೆ. ಡೀಪ್ ಫ್ರೀಜರನ್ನೂ ಅಲ್ಲಿ ಇಡಲಿಲ್ಲ, ಆ ಕೋಣೆ ಯಾವಾಗಲೂ ಹೊರಗಿಗಿಂತ ಮೂರ್ನಾಲ್ಕು ಡಿಗ್ರಿ ಬಿಸಿ, ಫ್ರೀಜರ್ ಸುಮ್ಮನೆ ಜಾಸ್ತಿ ಓಡ್ತದೆ.

ಫ್ರಿಜ್ಜು ಫ್ರೀಜರ್ ಬಗ್ಗೆ ನಮ್ಮ ಮನೇಲಿ ಜಗಳವೇ ಆಯ್ತು. ದೊಡ್ಡ ಡಬಲ್ ಡೋರ್ ಬೇಕು ಅಂತ ಎಲ್ಲರೂ, ನಾನು ಸಣ್ಣ ಇನ್ವರ್ಟರ್ ಫ್ರಿಜ್ಜು ಒಂದು, ಮೇಲೆ ಮುಚ್ಚಳ ತೆಗೆಯೋ ನೂರು ಲೀಟರ್ ಫ್ರೀಜರ್ ಒಂದು ಅಂತ ಹಟ ಹಿಡಿದೆ. ಜೂನ್ ಒಂದರಿಂದ ಜುಲೈ ಕೊನೆವರೆಗೆ ಟ್ರಾಲರ್‌ಗಳಿಗೆ ನಿಷೇಧ, ಆ ಎರಡು ತಿಂಗಳು ಸಿಗೋ ಮೀನಿನ ರೇಟು ಗೊತ್ತಲ್ಲ, ಮೇ ಕೊನೇಲಿ ಬಂಗಡೆ, ಸಿಗಡಿ ತುಂಬಿ ಇಡ್ತೀವಿ. ಮರ ಬಿದ್ದು ಲೈನ್ ಹೋದ್ರೆ ಹಗಲೆಲ್ಲಾ ಕರೆಂಟ್ ಇಲ್ಲ, ಮೇಲೆ ತೆಗೆಯೋ ಫ್ರೀಜರಲ್ಲಿ ತಂಪು ಗಾಳಿ ಕೆಳಗೇ ಕೂತಿರ್ತದೆ, ತೆರೀದೆ ಇದ್ರೆ ಮರುದಿನದವರೆಗೂ ಕಲ್ಲು ಕಲ್ಲಾಗೇ ಇರ್ತದೆ. ಶಿರೂರಲ್ಲಿ ಗುಡ್ಡ ಕುಸಿದ 2024ರ ಮಳೆಗಾಲದಲ್ಲಿ ಅಂಕೋಲಾ ಕಡೆ ಹೈವೇ ಬಂದ್ ಆಗಿ ಹೊಸ ಫ್ರಿಜ್ಜು ತರಬೇಕಿದ್ದ ಗಾಡಿ ವಾರಗಟ್ಟಲೆ ಬರಲಿಲ್ಲ, ಅಷ್ಟು ದಿನ ಈ ಫ್ರೀಜರ್ ಮೇಲೇ ಸಂಸಾರ ನಡೀತು.

ತುಕ್ಕಿನ ಮಾತು ಹೇಳ್ಲೇಬೇಕು. ಸಮುದ್ರ ನಮ್ಮಲ್ಲಿಂದ ಒಂದು ಕಿಲೋಮೀಟರ್ ಇರಬಹುದು, ಹಳೇ ವಾಷಿಂಗ್ ಮಷೀನ್ ತಳ ನಾಲ್ಕು ವರ್ಷಕ್ಕೆ ಉದುರಿ ಹೋಗಿತ್ತು, ಅದರ ಪಿಸಿಬಿ (ಒಳಗಿನ ಎಲೆಕ್ಟ್ರಾನಿಕ್ ಬೋರ್ಡು) ಮೇಲೆ ಹಲ್ಲಿ ಕೂತು ಸುಟ್ಟು ಏಳು ಸಾವಿರ ಬಿಲ್. ಮುಚ್ಚಿದ ಕೋಣೇಲಿ ತೇವ 55ರ ಸುತ್ತ ಇರೋದ್ರಿಂದ ಹೊಸ ಮಷೀನಿನ ಒಂದು ಸ್ಕ್ರೂ ಕೂಡ ಕೆಂಪಾಗಿಲ್ಲ, ಹಲ್ಲಿಗೆ ದಾರೀನೇ ಇಲ್ಲ. ಇದು ನಾನು ಯೋಚಿಸದೇ ಇದ್ದ ಲಾಭ, ಬಟ್ಟೆ ಒಣಗೋದಕ್ಕಿಂತ ದೊಡ್ಡದು ಅಂತ ಈಗ ಅನ್ಸ್ತದೆ. ಛತ್ರಿ, ಚರ್ಮದ ಬ್ಯಾಗು, ಮಕ್ಕಳ ಸರ್ಟಿಫಿಕೇಟ್ ಫೈಲು, ಅಕ್ಕಿ ಡಬ್ಬ ಎಲ್ಲಾ ಈಗ ಅಲ್ಲೇ, ಬೂಸ್ಟು ಅನ್ನೋದು ನೋಡಿಲ್ಲ. ಡಿಹ್ಯುಮಿಡಿಫೈಯರ್‌ಗೆ ಮಾತ್ರ ಸ್ಟೆಬಿಲೈಸರ್ ಹಾಕಿ, ಅದರ ಕಂಪ್ರೆಸರ್ ಲೋ ವೋಲ್ಟೇಜ್ ತಡಿಯಲ್ಲ.

ಕೋಣೆ ಸಿಕ್ಕಿದ್ಮೇಲೆ ಬೇರೆ ಏನೇನೋ ಒಣಗಿಸಿ ನೋಡದೆ ಇರೋಕಾಗುತ್ತಾ. ಹಲಸಿನ ಹಪ್ಪಳ ಅಷ್ಟು ಸರಿ ಬರಲಿಲ್ಲ, ಫ್ಯಾನ್ ಗಾಳಿಗೆ ಅಂಚು ಬೇಗ ಒಣಗಿ ಬಿರುಕು ಬಿಡ್ತು, ಬಿಸಿಲಿನ ಹಪ್ಪಳವೇ ಹಪ್ಪಳ. ಮುರುಗಲು (ಕೋಕಂ) ಸಿಪ್ಪೆ ಮಾತ್ರ ಭರ್ಜರಿ. ಮೇ ಕೊನೇಲಿ ಹಣ್ಣು ಆಗೋದೂ ಮಳೆ ಶುರುವಾಗೋದೂ ಒಟ್ಟಿಗೆ, ಪ್ರತಿ ವರ್ಷ ಅರ್ಧ ಸಿಪ್ಪೆ ಬೂಸ್ಟು ಹಿಡಿದು ತಿಪ್ಪೆಗೆ ಹೋಗ್ತಿತ್ತು, ಈಗ ಅದರದೇ ರಸಕ್ಕೆ ಅದ್ದಿ ಅದ್ದಿ ಒಣಗಿಸೋದು ನಾಲ್ಕೈದು ದಿನದಲ್ಲಿ ಮುಗೀತದೆ, ಬಣ್ಣ ಕಪ್ಪಾಗದೆ ಕೆಂಪಾಗೇ ಉಳೀತದೆ. ಉಪ್ಪು ಯಾವ ಸುತ್ತಲ್ಲಿ ಹಾಕೋದು ಅಂತ ಕೇಳಬೇಡಿ, ಸ್ವಲ್ಪ ಮಾರಾಟವೂ ಮಾಡ್ತೀನಿ. ಆ ದಿನಗಳಲ್ಲಿ ಬಟ್ಟೆ ಹಾಕೋ ಹಾಗಿಲ್ಲ, ಹುಳಿ ವಾಸನೆ ಹಿಡೀತದೆ, ಮುಗಿದ ಮೇಲೆ ಡಿಹ್ಯುಮಿಡಿಫೈಯರ್ ಫಿಲ್ಟರ್ ತೊಳೀಬೇಕು. ಪಕ್ಕದ ಮನೆಯವರು ಒಣಮೀನು ಮಾಡಿ ಕೊಡಿ ಅಂದ್ರು, ಅದೊಂದಕ್ಕೆ ಒಪ್ಪಲಿಲ್ಲ. ಡಿಹ್ಯುಮಿಡಿಫೈಯರ್ ಹಿಡಿಯೋ ನೀರು ನೋಡೋಕೆ ಶುದ್ಧ, ನೀರಲ್ಲಿ ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರಲ್ಲಿ ಇಪ್ಪತ್ತರ ಒಳಗೆ, ಇಸ್ತ್ರಿ ಪೆಟ್ಟಿಗೆಗೆ ಹಾಕ್ತೀನಿ, ಆದ್ರೆ ಕಾಯಿಲಿನ ಧೂಳು, ಲೋಹ ಸೇರಿರ್ತದೆ, ಕುಡಿಯೋಕೂ ಬ್ಯಾಟರಿಗೂ ಬೇಡ.

ಅಡುಗೆಮನೇಲಿ ಹೇಳೋವಂಥದ್ದು ಚಿಮಣಿ ಒಂದೇ, ಒಲೆ ಮಿಕ್ಸಿ ಗ್ರೈಂಡರ್ ನಿಮಗೇ ಗೊತ್ತು. ಪೈಪ್ ಇಲ್ಲದ ಚಿಮಣಿ ಮೀನು ಹುರಿಯೋ ಮನೆಗೆ ದಂಡ, ಹೊಗೆಯನ್ನ ತಿರುಗಿ ಮುಖಕ್ಕೇ ಬಿಡ್ತದೆ. ಪೈಪ್ ಬಾಯಿ ಮೂಡುದಿಕ್ಕಿಗೇ ಬರೋ ಹಾಗೆ ಮೊದಲೇ ಗುರುತು ಹಾಕ್ಸಿ, ಪಡುವಣ ಕಡೆ ಇಟ್ರೆ ಜುಲೈ ಗಾಳೀಲಿ ಮಳೆನೀರು ಒಲೆ ಮೇಲೇ ಬೀಳ್ತದೆ. ಮತ್ತೆ ಚಿಮಣಿ ಎಳೆಯೋ ಗಾಳಿ ಎಲ್ಲಿಂದಾದ್ರೂ ಬರಬೇಕಲ್ಲ, ಅಡುಗೆಮನೆ ಕಿಟಕಿ ಮುಚ್ಚಿದ್ರೆ ಅದು ಯುಟಿಲಿಟಿ ಬಾಗಿಲ ಸಂದಿಯಿಂದ ಒಣಗಾಳಿ ಎಳ್ಕೊಳ್ತದೆ, ಆ ಜಾಗಕ್ಕೆ ಹೊರಗಿನ ಹಸಿ ಗಾಳಿ ನುಗ್ತದೆ. ನಮ್ಮಲ್ಲಿ ಮೊದಲ ಮಳೆಗಾಲ ಮಧ್ಯಾಹ್ನದ ಹೊತ್ತು ತೇವ 55ರಿಂದ 75ಕ್ಕೆ ಯಾಕೆ ಏರ್ತದೆ ಅಂತ ಯಾರಿಗೂ ಗೊತ್ತಾಗಲಿಲ್ಲ, ಕೊನೆಗೆ ಅಗರಬತ್ತಿ ಹೊಗೆ ಹಿಡಿದು ನೋಡಿ ಹಿಡಿದಿದ್ದು ಇದನ್ನ. ಈಗ ಚಿಮಣಿ ಹಾಕೋವಾಗ ಒಲೆ ಪಕ್ಕದ ಕಿಟಕಿ ಒಂದು ಗೇಣು ತೆಗೆದಿಡ್ತೀವಿ, ಯುಟಿಲಿಟಿ ಬಾಗಿಲ ಕೆಳಗೆ ಬ್ರಷ್ ಪಟ್ಟಿ ಹೊಡೆಸಿದ್ದೀವಿ, ಇನ್ನೂರು ರೂಪಾಯಿ ಕೆಲಸ.

ಡಿಶ್‌ವಾಷರ್‌ಗೆ ನೀರಿನ ಪಾಯಿಂಟು, ಹದಿನಾರು ಆಂಪ್ ಪ್ಲಗ್ಗು ಬಿಡಿಸಿದ್ದೀನಿ, ಇನ್ನೂ ತಗೊಂಡಿಲ್ಲ. ನಮ್ಮ ಚಿರೆಕಲ್ಲಿನ ಬಾವಿ ನೀರು ಮೆದು, ಗಡಸು ನೀರು ಮೆದು ಮಾಡೋಕೆ ಮಷೀನಿಗೆ ಹಾಕೋ ಉಪ್ಪಿನ ಸೆಟ್ಟಿಂಗ್ ಕೆಳಗಿನದ್ದೇ ಸಾಕು, ಆದ್ರೆ ಏಪ್ರಿಲ್ ಮೇನಲ್ಲಿ ಸವಳಾಗ್ತದೆ, ಆಗ ಒಳಗಿನ ಸ್ಟೀಲ್ ಹೇಗೆ ತಡೀತದೆ ನೋಡಬೇಕು. ಹೊನ್ನಾವರದಲ್ಲಿ ಪರಿಚಯದವರೊಬ್ಬರು ಬಳಸ್ತಿದ್ದಾರೆ, ಅವರದು ಈ ಬೇಸಿಗೆ ದಾಟ್ಲಿ, ಆಮೇಲೆ ತಗೋತೀನಿ.