ಹೋಟೆಲ್ ಹಾಲ್ ಬಿಟ್ಟೆ, ಪಗಾರ ಚೀಟಿ ಹಿಡಿದೆ: ನನ್ನ ಅನುಭವ

ಕಲಬುರಗಿಯ ಬೇಳೆ ಮಿಲ್ಲುಗಳ ಮುನೀಮರಿಗೆ, ಸಣ್ಣ ಫ್ಯಾಕ್ಟರಿಗಳ ಎಚ್‌ಆರ್ ಹುಡುಗರಿಗೆ ತಿಂಗಳಿಗೊಮ್ಮೆ ಕಾರ್ಮಿಕ ಕಾಯ್ದೆ ಪಾಠ ಮಾಡ್ತೀನಿ ಅಂದಾಗ ನಮ್ಮ ಫೀಲ್ಡಿನ ಹಿರಿಯರೊಬ್ಬರು ನಕ್ಕಿದ್ದರು. "ಅವರಿಗಿ ಚಲನ್ ಕಟ್ಟೋದು ಬಂದ್ರ ಸಾಕು. ಕಾಯ್ದೆ ತಗೊಂಡು ಏನ್ ಮಾಡ್ತಾರ್ರಿ?" ಅಂದರು. ಈಗ ಅದೇ ಹಿರಿಯರು ತಮ್ಮ ಆಫೀಸಿನ ಇಬ್ಬರನ್ನು ಕಳಿಸುತ್ತಾರೆ. ಫೀ ಕೊಟ್ಟು. ಅದಕ್ಕೇ ಇದನ್ನ ಬರೀತಿದ್ದೇನೆ.

ಮೊದಲು ಕೈ ಸುಟ್ಟುಕೊಂಡಿದ್ದು 2023ರಲ್ಲಿ. ಆ ಏಪ್ರಿಲ್ 1ರಿಂದ ವೃತ್ತಿ ತೆರಿಗೆ ಕಟ್ಟಬೇಕಾದ ತಿಂಗಳ ಪಗಾರದ ಮಿತಿ 15 ಸಾವಿರದಿಂದ 25 ಸಾವಿರಕ್ಕೆ ಏರಿತ್ತು. ಒಳ್ಳೆ ವಿಷಯ ಸಿಕ್ಕಿತು ಅಂತ ಹೋಟೆಲ್ ಹಾಲ್ ಹಿಡಿದೆ. ಪ್ರೊಜೆಕ್ಟರ್, ಬ್ಯಾನರ್, ಫೈಲು, ಪೆನ್ನು, ಊಟ. 40 ಜನ ಬರುತ್ತಾರೆ ಅಂತ ಲೆಕ್ಕ. ಬಂದವರು 17. ತಲೆಗೆ 500 ರೂಪಾಯಿ. ಖರ್ಚು 28 ಸಾವಿರದ ಮೇಲೆ ಹೋಗಿತ್ತು. ಅಂದರೆ ಹತ್ತಿರ ಹತ್ತಿರ 20 ಸಾವಿರ ನನ್ನ ಜೇಬಿನಿಂದ. ಅದೂ ಮೇ ತಿಂಗಳು, ಕಲಬುರಗಿ ಬಿಸಿಲು. ಊಟದ ಮೇಲೆ ಅರ್ಧ ಹಾಲ್ ನಿದ್ದೆಗೆ ಜಾರಿತು. 60 ಚಿಲ್ಲರೆ ಸ್ಲೈಡ್ ಇಟ್ಟಿದ್ದೆ. ಕೊನೆಗೆ ನಾನೇ ಆಕಳಿಸಿದೆ.

ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಎರಡು ತಿಂಗಳ ನಂತರ. ಅವತ್ತು ಮೊದಲ ಸಾಲಿನಲ್ಲಿ ಕೂತು ಎಲ್ಲ ಬರೆದುಕೊಂಡಿದ್ದ ಒಬ್ಬರ ಪಗಾರ ಪಟ್ಟಿ ನೋಡಿದೆ. 18 ಸಾವಿರ ಪಗಾರದ ವಾಚ್‌ಮನ್‌ಗೆ ಇನ್ನೂ 200 ರೂಪಾಯಿ ಕಟ್ ಆಗುತ್ತಿತ್ತು. "ಸರ್, ನೀವು ಹೇಳಿದ್ದು ನೆನಪ ಅದ. ಆದ್ರ ಎಕ್ಸೆಲ್‌ನಾಗ ಫಾರ್ಮುಲಾ ಹಳೇದೇ ಅದ" ಅಂದರು. ಆ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಯ್ದೆ ಅವರ ತಲೆಗೆ ಹೋಗಿತ್ತು, ಶೀಟಿಗೆ ಹೋಗಿರಲಿಲ್ಲ.

ಆಮೇಲೆ ಒಂದು ವರ್ಷ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಹಾಕಿದೆ. ಎಲ್ಲರೂ ಕೈ ಮುಗಿಯುವ ಚಿಹ್ನೆ ಒತ್ತುತ್ತಿದ್ದರು, ಯಾರೂ ತೆರೆಯುತ್ತಿರಲಿಲ್ಲ. ಆನ್‌ಲೈನ್ ಕ್ಲಾಸ್ ಮೂರು ಸಲ ಮಾಡಿದೆ. ಮೂರನೆಯದರಲ್ಲಿ ಒಬ್ಬರ ಮೈಕಿನಿಂದ ಮಿಲ್ಲಿನ ಸದ್ದು, ಇನ್ನೊಬ್ಬರ ಮೈಕಿನಿಂದ ಸಾವಕಾರರ ಬೈಗುಳ. ನಿಲ್ಲಿಸಿದೆ.

ನಡುವೆ ಆಡಿಯೊ ಹುಚ್ಚೂ ಹತ್ತಿತ್ತು. ನಮ್ಮ ಭಾಷೆಯಲ್ಲೇ ಎರಡು ನಿಮಿಷದ ತುಣುಕು. ಗೆಳೆಯನೊಬ್ಬ ದಖನಿ ಉರ್ದುವಿನಲ್ಲೂ ಮಾಡಿಕೊಟ್ಟ. ಭಾರಿ ಓಡಿದವು. ಹಳೇ ಕಾರ್ಮಿಕ ಕಾಯ್ದೆಗಳನ್ನು ಸೇರಿಸಿ ಮಾಡಿದ ಹೊಸ ಸಂಹಿತೆಗಳು ಬಂದಾಗ ಅದೇ ಮುಳುವಾಯಿತು. ಗೊತ್ತುಪಡಿಸಿದ ಅವಧಿಗೆ ಕೆಲಸಕ್ಕೆ ತಗೊಂಡವರಿಗೆ ಒಂದು ವರ್ಷ ತುಂಬಿದರೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಸಿಗುತ್ತದೆ ಅಂತ ಹೇಳಿದ್ದೆ. ಯಾರೋ ಮೊದಲಿನ ಭಾಗ ಕತ್ತರಿಸಿ, "ಒಂದು ವರ್ಷಕ್ಕೇ ಗ್ರಾಚ್ಯುಟಿ" ಅನ್ನುವುದನ್ನಷ್ಟೇ ಹಂಚಿದರು. ಒಂದು ಫ್ಯಾಕ್ಟರಿ ಗೇಟಿನಲ್ಲಿ ಪರ್ಮನೆಂಟ್ ಆಳುಗಳು ನನ್ನ ದನಿ ಕೇಳಿಸಿ ಲೆಕ್ಕ ಕೇಳಿದರಂತೆ. ಅವರಿಗೆ ಐದು ವರ್ಷದ ನಿಯಮ ಹಾಗೇ ಇದೆಯಪ್ಪಾ ಅಂತ ಹೇಳಿ ಹೇಳಿ ಒಂದು ವಾರ ಫೋನ್ ಇಡಲಿಲ್ಲ. ಆವತ್ತಿನಿಂದ ಆಡಿಯೊ ಬಂದ್.

ಕೆಲಸ ಮಾಡಿದ್ದು ಬಹಳ ಸಣ್ಣ ಉಪಾಯ. 2025ರ ಶುರುವಿನಲ್ಲಿ ಹಿಡಿದೆ. ಪ್ರತಿಯೊಬ್ಬರೂ ತಮ್ಮಲ್ಲಿಯ ಒಂದು ನಿಜವಾದ ಪಗಾರ ಚೀಟಿ, ಹೆಸರು ಹೊಡೆದುಹಾಕಿ ತರಬೇಕು. ಲ್ಯಾಪ್‌ಟಾಪ್ ಇದ್ದವರು ತಮ್ಮ ಶೀಟನ್ನೂ ತರಬೇಕು. ತಿಂಗಳಿಗೆ ಒಂದೇ ಬದಲಾವಣೆ. ಎರಡು ತಾಸು. ಶೀಟಿನಲ್ಲಿ ಫಾರ್ಮುಲಾ ಬದಲಾಗದೆ ಯಾರೂ ಎದ್ದು ಹೋಗಂಗಿಲ್ಲ. ಪಿಪಿಟಿ ಇಲ್ಲ, ಪ್ರಮಾಣಪತ್ರ ಇಲ್ಲ.

ದಿನ ಗೊತ್ತು ಮಾಡುವುದಕ್ಕೂ ಮೂರು ತಿಂಗಳು ಹಿಡಿಯಿತು. 5ನೇ ತಾರೀಖು ಇಟ್ಟೆ, ಪಗಾರದ ಗಡಿಬಿಡಿ. 12 ಇಟ್ಟೆ, ಪಿಎಫ್ (ಭವಿಷ್ಯ ನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ವಿಮೆ) ಕಟ್ಟುವ ತಲೆಬಿಸಿ. ಕೊನೆಗೆ 15 ಮುಗಿದ ಮೇಲಿನ ಮೊದಲ ಶನಿವಾರ ಸಂಜೆ ಅಂತ ಮಾಡಿದೆ. ಸೂಪರ್ ಮಾರ್ಕೆಟ್ ಹತ್ತಿರ ಪರಿಚಯದವರ ಅಂಗಡಿ ಮೇಲಿನ ಕೋಣೆ, ಬಾಡಿಗೆ 500. ಜೆರಾಕ್ಸ್ ಮುನ್ನೂರು ಚಿಲ್ಲರೆ. ಮಿರ್ಚಿ ಭಜಿ, ಚಹಾ ಸೇರಿ ಏಳೆಂಟು ನೂರು. ಫೀ ತಲೆಗೆ 250. ಈಗ 22ರಿಂದ 25 ಜನ ಬರುತ್ತಾರೆ. ಖರ್ಚು ಕಳೆದು ನಾಲ್ಕು ಸಾವಿರದ ಆಸುಪಾಸು ಉಳಿಯುತ್ತದೆ. ದೊಡ್ಡ ಗಳಿಕೆ ಏನಲ್ಲ. ಆದರೆ ಈ ಕೋಣೆಯಿಂದಲೇ ನನಗೆ ಮೂರು ಫ್ಯಾಕ್ಟರಿಗಳ ಕೆಲಸ ಸಿಕ್ಕಿತು. ಹೋಟೆಲ್ ಹಾಲ್‌ನ 20 ಸಾವಿರ ಅಲ್ಲಿಂದಲೇ ವಾಪಸ್ ಬಂತು. ಮನೆಯವಳಿಗೆ ಮಾತ್ರ ಇನ್ನೂ ನಂಬಿಕೆ ಇಲ್ಲ.

ನಿಜವಾದ ಪರೀಕ್ಷೆ ಬಂದದ್ದು ನವೆಂಬರ್‌ನಲ್ಲಿ. 2025ರ ನವೆಂಬರ್ 21, ಶುಕ್ರವಾರ, ನಾಲ್ಕೂ ಸಂಹಿತೆಗಳು ಜಾರಿ ಅಂತ ಸುದ್ದಿ ಬಂತು. 29 ಕಾಯ್ದೆಗಳು ನಾಲ್ಕರಲ್ಲಿ ಸೇರಿದವು. ನಮ್ಮ ಶನಿವಾರ ಮರುದಿನವೇ! ರಾತ್ರಿ ಎರಡರ ತನಕ ಕೂತೆ. ಕೋಣೆಯಲ್ಲಿ ಅವತ್ತು 30ಕ್ಕೂ ಜಾಸ್ತಿ ಜನ, ಕೆಲವರು ಮೆಟ್ಟಿಲ ಮೇಲೆ.

29 ಕಾಯ್ದೆಗಳ ಕಥೆ ತೆಗೆಯಲೇ ಇಲ್ಲ. ಒಂದೇ ಚೀಟಿ ಇಟ್ಟೆ. ಒಟ್ಟು 20 ಸಾವಿರ. ಬೇಸಿಕ್ ಮತ್ತು ಡಿಎ (ತುಟ್ಟಿ ಭತ್ಯೆ) ಸೇರಿ 8 ಸಾವಿರ. ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ ಸೇರಿ 12 ಸಾವಿರ. ನಮ್ಮ ಕಡೆ ಇಂಥ ಚೀಟಿ ಎಷ್ಟಿವೆ ಅಂತ ನಿಮಗೇ ಗೊತ್ತು, ಪಿಎಫ್ ಕಡಿಮೆ ಕಟ್ಟಲು ಹಾಗೆ ಅನ್ನುವುದೂ ಗೊತ್ತು. ಈಗ ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟಿನ ಅರ್ಧ ದಾಟಿದರೆ ದಾಟಿದ್ದು ವೇತನಕ್ಕೇ ಸೇರುತ್ತದೆ. ಇಲ್ಲಿ 2 ಸಾವಿರ ಸೇರಿ ವೇತನ 10 ಸಾವಿರ ಆಯಿತು. ಪಿಎಫ್ 960 ಇದ್ದದ್ದು 1,200. ಸಾವಕಾರರ ಕಡೆಯಿಂದಲೂ ಅಷ್ಟೇ. ಐದು ವರ್ಷದ ಗ್ರಾಚ್ಯುಟಿ 23 ಸಾವಿರದ ಹತ್ತಿರ ಇದ್ದದ್ದು 28,800ರ ಮೇಲೆ ಹೋಯಿತು. ಎಲ್ಲರೂ ತಮ್ಮ ಚೀಟಿ ಹಾಕಿ ನೋಡಿದರು. ಕೋಣೆ ಸುಮ್ಮನಾಯಿತು. ಒಬ್ಬರು ಮೆಲ್ಲಗೆ, "ಸಾವಕಾರ್ರಿಗೆ ಹೆಂಗ ಹೇಳಬೇಕ್ರಿ ಇದು?" ಅಂದರು. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಚೀಟಿ ಅವರ ಮುಂದೆ ಇಡಿ ಅಂದೆ.

ಡಿಸೆಂಬರ್‌ನಲ್ಲಿ ಲೆಕ್ಕ ಚುಕ್ತಾ ಮಾಡುವ ಪಾಠ. ಇದೇ ಬೇಳೆ ಮಿಲ್ಲಿನವರಿಗೆ ನುಂಗಲಾರದ ತುತ್ತು. ಬಿಟ್ಟು ಹೋದವನಿಗೆ ಮುಂದಿನ ಬಟವಾಡೆಗೆ ಬಾ, ಹಂಗಾಮು ಮುಗಿಲಿ ಅನ್ನುವುದು ನಮ್ಮಲ್ಲಿ ರೂಢಿ. ಈಗ ತೆಗೆದುಹಾಕಿದರೂ, ತಾನೇ ಬಿಟ್ಟರೂ, ಎರಡು ಕೆಲಸದ ದಿನದೊಳಗೆ ವೇತನ ಕೊಡಬೇಕು. ದಿನ ಎಣಿಸುವ ರೂಢಿ ಆಗಲಿ ಅಂತ ಗೋಡೆ ಕ್ಯಾಲೆಂಡರ್ ಹಾಳೆ, ಒಂದೊಂದು ಹಿಡಿ ತೊಗರಿ ಕಾಳು ಹಂಚಿದೆ. ಒಂದು ದಿನಕ್ಕೆ ಒಂದು ಕಾಳು. ಫ್ಯಾನ್ ಹಾಕಿದ ಕೂಡಲೇ ಕಾಳೆಲ್ಲ ನೆಲಕ್ಕೆ. ಮುಂದಿನ ಸಲ ಅಂಟುವ ಬಿಂದಿ ತಂದೆ, 10 ರೂಪಾಯಿಗೆ ಒಂದು ಪಾಕೆಟ್. ಶನಿವಾರ ಬಿಟ್ಟವನಿಗೆ, ಭಾನುವಾರ ರಜೆ ಇದ್ದರೆ, ಮಂಗಳವಾರದೊಳಗೆ ಅಂತ ಈಗ ಬಾಯಿಪಾಠ.

ಚೀಟಿ ಉಪಾಯ ಎಲ್ಲದಕ್ಕೂ ನಡೆಯಲ್ಲ. ಲೈಂಗಿಕ ಕಿರುಕುಳ ತಡೆ ಕಾಯ್ದೆಗೆ ಚೀಟಿ ಎಲ್ಲಿದೆ? 10 ಜನ ಇದ್ದ ಕಡೆ ದೂರು ಕೇಳುವ ಸಮಿತಿ ಬೇಕು. ನಮ್ಮಲ್ಲಿ ಬಹಳ ಕಡೆ ಅದು ಗೋಡೆ ಮೇಲಿನ ಕಾಗದ. ಬಿಂದಿ ಅಂಟಿಸಿ ದೂರು ಕೊಡಲು 3 ತಿಂಗಳು, ವಿಚಾರಣೆ ಮುಗಿಸಲು 90 ದಿನ ಅಂತ ಕಲಿಸಿದೆ. ದಿನ ಕಲಿತರು, ಕೇಳಿಸಿಕೊಳ್ಳುವುದು ಕಲಿಯಲಿಲ್ಲ. ಅದಕ್ಕೆ ಬೇರೆ ದಾರಿ ಹುಡುಕುತ್ತಿದ್ದೇನೆ.

ಒಂದು ಗುಟ್ಟು ಹೇಳಿಬಿಡ್ತೀನಿ. ಪ್ರತಿ ಸಲ ನಾನು ಕೊಡುವ ಶೀಟಿನಲ್ಲಿ ಬೇಕಂತಲೇ ಏಳು ತಪ್ಪು ಇಟ್ಟಿರುತ್ತೇನೆ. ಜಾಸ್ತಿ ಹುಡುಕಿದವರ ಫೀ ವಾಪಸ್. ಯಾವ ತಪ್ಪು, ಯಾವ ಜಾಗದಲ್ಲಿ ಇಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಹಾಗೇ ಫೀ ರಸೀದಿಯ ಕೆಳಗೆ ಸಾವಕಾರರಿಗೆ ಅಂತ ಒಂದು ಸಾಲು ಬರೆಯುತ್ತೇನೆ. ಅದನ್ನು ಓದಿದ ಸಾವಕಾರರು ಮುಂದಿನ ತಿಂಗಳು ಮತ್ತೆ ಅದೇ ಮನುಷ್ಯನನ್ನು ಕಳಿಸುತ್ತಾರೆ. ಆ ಸಾಲು ಏನು ಅಂತ ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ.

ಜನವರಿಯಲ್ಲಿ ಎಂಟನೇ ತಪ್ಪು ಸಿಕ್ಕಿತು. ಕಾರ್ಮಿಕ ಕಲ್ಯಾಣ ನಿಧಿಗೆ ನೆನಪಿನ ಮೇಲೆ ಆಳಿನಿಂದ 20, ಸಾವಕಾರರಿಂದ 40 ಅಂತ ಹಾಕಿದ್ದೆ. ಒಬ್ಬ ಹುಡುಗಿ ಎದ್ದು, "ಸರ್, ಈಗ 50, 100 ಅಲ್ರೀ? ನಾವು ಹಂಗೇ ಕಟ್ಟೇವಿ" ಅಂದಳು. ಅದು ನಾನು ಇಟ್ಟ ತಪ್ಪಾಗಿರಲಿಲ್ಲ. ಅವತ್ತಿನ ಭಜಿ ಖರ್ಚು ನನ್ನದು. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 200ರ ಬದಲು 300 ಕಟ್ ಮಾಡುವುದನ್ನು ಮಾತ್ರ ನಮ್ಮ ಕೋಣೆಯವರು ಒಬ್ಬರೂ ಮರೆಯಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದ್ದೇನೆ.

ಹೋದ ತಿಂಗಳು ಬೀದರ್ ರೈಲು ಹಿಡಿದು ಹುಮನಾಬಾದ್‌ಗೂ ಹೋಗಿದ್ದೆ. ಆರು ಜನ ಬಂದಿದ್ದರು, ಇಬ್ಬರು ಚೀಟಿ ತಂದಿರಲಿಲ್ಲ. ಭಜಿ ತಿಂದು, ಒಂದು ಶೀಟು ಸರಿ ಮಾಡಿ ಬಂದೆ. ನಷ್ಟ 600 ರೂಪಾಯಿ. ಈ ಸಲ ಚೀಟಿಯ ಫೋಟೊ ಮೊದಲೇ ಕಳಿಸಿದವರಿಗೆ ಮಾತ್ರ ಜಾಗ ಅಂತ ಹೇಳಿದ್ದೇನೆ. ಇವತ್ತಿಗೆ ಒಂಬತ್ತು ಫೋಟೊ ಬಂದಿವೆ.