ವೇಳಾಪಟ್ಟಿ ಬಿಟ್ಟು ಕೆಲಸವನ್ನೇ ವಿಂಗಡಿಸಿದೆ

ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡುವ ನನಗೆ ಇಬ್ಬರು ಚಿಕ್ಕ ಮಕ್ಕಳು. ಗಂಟೆ ಲೆಕ್ಕದ ವೇಳಾಪಟ್ಟಿ ನಮ್ಮಲ್ಲಿ ನಿಲ್ಲಲೇ ಇಲ್ಲ. ಮಗುವಿನ ನಿದ್ದೆಯನ್ನು ನಂಬಿ ಗ್ರಾಹಕರಿಗೆ ಮಾತು ಕೊಡುವುದು ಬರೀ ಜೂಜು. ಕೊನೆಗೆ ಫಲ ಕೊಟ್ಟದ್ದು ಸಮಯದ ಬದಲು ಕೆಲಸವನ್ನು ವಿಂಗಡಿಸಿದ್ದು.

ಏಕಾಗ್ರತೆ ಬೇಡುವ ಹೊಸ ವಿನ್ಯಾಸ, ಅಂತಿಮ ಪರಿಶೀಲನೆಗಳೆಲ್ಲ ಮಕ್ಕಳು ಏಳುವ ಮುನ್ನ, ಇಲ್ಲವೇ ಪತಿ ಅವರನ್ನು ನೋಡಿಕೊಳ್ಳುವ ಹೊತ್ತಿನಲ್ಲಿ ಮಾತ್ರ. ಆಗ ಇಮೇಲ್ ತೆರೆಯುವುದಿಲ್ಲ. ಚಿತ್ರಗಳ ಅಳತೆ ಸರಿಪಡಿಸುವುದು, ಬಿಲ್ ಕಳುಹಿಸುವುದು, ಕಡತಗಳಿಗೆ ಹೆಸರಿಡುವುದು ಮಕ್ಕಳು ಪಕ್ಕದಲ್ಲಿ ಆಡುವಾಗ. ನಡುವೆ ಹತ್ತು ಸಲ ಎದ್ದರೂ ಇವು ಕೆಡುವುದಿಲ್ಲ.

ಕೆಲಸ ಬಿಟ್ಟು ಏಳುವ ಮೊದಲು ಮುಂದಿನ ಹೆಜ್ಜೆಯನ್ನು ಒಂದು ಸಾಲಿನಲ್ಲಿ ಗೀಚಿಡುತ್ತೇನೆ: ‘42ನೇ ಪುಟ, ಅಡಿಟಿಪ್ಪಣಿಯ ಅಕ್ಷರಗಾತ್ರ’. ಮರಳಿ ಕುಳಿತಾಗ ಎಲ್ಲಿಗೆ ನಿಲ್ಲಿಸಿದ್ದೆ ಎಂದು ತಡಕಾಡಬೇಕಿಲ್ಲ. ನಿಜ ಹೇಳುವುದಾದರೆ, ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಈ ಚೀಟಿಯಿಂದಲೇ.

ಗಡುವು ಹೇಳುವಾಗ ನನ್ನ ಅಂದಾಜಿಗೆ ಅದರ ಅರ್ಧದಷ್ಟು ದಿನಗಳನ್ನು ಸೇರಿಸುತ್ತೇನೆ. ಮಕ್ಕಳಿಗೆ ಜ್ವರ ಬರುವುದು ಗಡುವಿನ ಹಿಂದಿನ ದಿನವೇ ಅಲ್ಲವೇ! ಫೋನ್ ಮಾತುಕತೆಗೆ ದಿನಕ್ಕೆ ಒಂದೇ ಹೊತ್ತು. ಒಬ್ಬಿಬ್ಬರು ಗ್ರಾಹಕರು ಒಪ್ಪದೆ ಬಿಟ್ಟುಹೋದರು. ಉಳಿದವರಿಗೆ ಅದೊಂದು ಸಮಸ್ಯೆಯೇ ಆಗಲಿಲ್ಲ.

ದೊಡ್ಡ ಮಗಳಿಗೆ ಒಂದು ಗುರುತು ಹೇಳಿಕೊಟ್ಟಿದ್ದೇನೆ: ಹೆಡ್‌ಫೋನ್ ಹಾಕಿದ್ದರೆ ಅಮ್ಮ ಕೆಲಸದಲ್ಲಿದ್ದಾಳೆ. ತೆಗೆದ ಮೇಲೆ ಮೊಬೈಲ್ ಮುಟ್ಟದೆ ಅವಳೊಂದಿಗಿರುತ್ತೇನೆ. ಅದರಿಂದಲೇ ಅವಳು ಕಾಯಲು ಒಪ್ಪುತ್ತಾಳೆ. ಚಿಕ್ಕವನಿಗೆ ಇದ್ಯಾವುದೂ ಇನ್ನೂ ಅನ್ವಯಿಸದು. ಅವನು ನನ್ನ ಬಳಿ ಎಚ್ಚರವಿದ್ದಾಗ ವಿನ್ಯಾಸದ ಕಡತ ತೆರೆಯುವುದನ್ನೇ ಬಿಟ್ಟಿದ್ದೇನೆ.