ಮಂಚದ ಕೆಳಗೊಂದು ಊರು: ಮಾದರಿ ರೈಲಿನ ಹಳ್ಳಿ ಕಟ್ಟುವ ಬಗೆ

ಪುಣೆಯಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ ಊರು ಶುರುವಾಗುವುದು ರೈಲು ಮಿರಜ್ ದಾಟಿದ ಮೇಲೆ. ಕುಡಚಿ, ರಾಯಬಾಗದ ಕಡೆ ಕಪ್ಪು ಮಣ್ಣು, ಕಬ್ಬು. ಬೆಳಗಾವಿ ಬಿಟ್ಟು ಖಾನಾಪುರದತ್ತ ಹೊರಳಿದರೆ ಕೆಂಪು ಮಣ್ಣು, ಭತ್ತ, ಹಂಚಿನ ಮನೆ. ಮಾದರಿ ರೈಲಿನ ಹವ್ಯಾಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಮೊದಲು ಇಂಜಿನ್ ಕೊಳ್ಳುತ್ತಾರೆ. ಊರನ್ನು ಮೊದಲು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಯಾವ ಸೀಮೆ, ಯಾವ ತಿಂಗಳು, ಎಷ್ಟು ಹೊತ್ತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಖಾನಾಪುರದ ಕಡೆಯ ಸಣ್ಣ ನಿಲ್ದಾಣ, ಭತ್ತದ ಕೊಯ್ಲು ಮುಗಿದ ಡಿಸೆಂಬರ್, ಬೆಳಗಿನ ಎಂಟು ಗಂಟೆ ಎಂದಿಟ್ಟುಕೊಳ್ಳೋಣ. ಗದ್ದೆಯಲ್ಲಿ ಕೂಳೆ, ಕಣದ ಪಕ್ಕ ಹೊಸ ಬಣವೆ, ಮೇಯಲು ಹೊರಟ ಎಮ್ಮೆಗಳು ಎಲ್ಲವೂ ಆ ಒಂದು ಸಾಲಿನಿಂದಲೇ ಹೊರಡುತ್ತವೆ.

ಕೆಲಸ ಆರಂಭಿಸುವ ಮೊದಲು ಪುಣೆಯ ಕೋಥರೂಡ್‌ನಲ್ಲಿರುವ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬನ್ನಿ. ಬಿ. ಎಸ್. ಜೋಶಿಯವರ ಈ ಸಂಗ್ರಹ 1998ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಹಳಿ, ಸಿಗ್ನಲ್, ಗೇಟು ಒಂದರೊಡನೊಂದು ಹೊಂದಿಕೊಂಡು ಹೇಗೆ ಕೆಲಸ ಮಾಡುತ್ತವೆ ಎಂಬುದು ಅಲ್ಲಿ ನಿಂತು ನೋಡಿದಷ್ಟು ಚೆನ್ನಾಗಿ ಓದಿದರೆ ತಿಳಿಯುವುದಿಲ್ಲ.

ಇನ್ನು ಅಳತೆ. ಎನ್ (N) ಎಂಬ ಮಾದರಿ ಅಳತೆಯಲ್ಲಿ ಎಲ್ಲವೂ ನಿಜದ 160ರಲ್ಲಿ ಒಂದು ಪಾಲು, ಹಳಿಗಳ ನಡುವೆ 9 ಮಿ.ಮೀ. ಎಚ್‌ಒ (HO) ಅಳತೆಯಲ್ಲಿ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಸಣ್ಣ ಫ್ಲ್ಯಾಟಿಗೆ ಎನ್ ಅನುಕೂಲ, ಒಪ್ಪುತ್ತೇನೆ. ಆದರೆ ಹಳ್ಳಿ ಕಟ್ಟುವವರು ಎಚ್‌ಒ ಆರಿಸಿಕೊಳ್ಳಬೇಕು. ಅದರಲ್ಲಿ ಆಳು 19 ಮಿ.ಮೀ. ಎತ್ತರ, ಎಮ್ಮೆ ಸುಮಾರು 15 ಮಿ.ಮೀ.; ತಲೆಯ ಮೇಲಿನ ಹುಲ್ಲಿನ ಹೊರೆ, ಎಮ್ಮೆಯ ಕೊಂಬು ಕಣ್ಣಿಗೆ ಕಾಣುತ್ತವೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಇರುವುದರಿಂದ ಎಚ್‌ಒದಲ್ಲಿ ಅದು 19 ಮಿ.ಮೀ.ಗಿಂತ ತುಸು ಹೆಚ್ಚಾಗಬೇಕಿತ್ತು. ಅಂಗಡಿಯಲ್ಲಿ ಸಿಗುವ ಹಳಿ ಅದಕ್ಕಿಂತ ಕಿರಿದು. ಪಕ್ಕದಿಂದ ನೋಡುವಾಗ ಇದು ಗಮನಕ್ಕೆ ಬರುವುದಿಲ್ಲ.

ರೈಲು ಸುತ್ತು ಹಾಕಲೇಬೇಕೆಂದರೆ ಎಚ್‌ಒಗೆ ನಾಲ್ಕಡಿ ಅಗಲದ ಹಲಗೆ ಬೇಕು, ಬಾಡಿಗೆ ಮನೆಯಲ್ಲಿ ಅದನ್ನು ಇಡುವುದು ಕಷ್ಟ. ಸುತ್ತನ್ನು ಕೈಬಿಡಿ. ಹಳ್ಳಿಯ ರೈಲು ಬರುತ್ತದೆ, ನಿಲ್ಲುತ್ತದೆ, ಹೋಗುತ್ತದೆ. ಅದಕ್ಕೆ ತಲಾ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಎರಡು ಹಲಗೆ ಸಾಕು. ಆಟ ಮುಗಿದ ಮೇಲೆ ಬೋಲ್ಟ್ ಬಿಚ್ಚಿ ಮಂಚದ ಕೆಳಗೆ ತಳ್ಳಬಹುದು. ನೀರು ತಡೆಯುವ 12 ಮಿ.ಮೀ. ಪ್ಲೈವುಡ್ ತನ್ನಿ, ಎರಡೂ ಬದಿಗೆ ಬಣ್ಣ ಬಳಿಯಿರಿ, ಅಡಿಯಲ್ಲಿ ಪಟ್ಟಿ ಹೊಡೆಯಿರಿ. ಇಲ್ಲದಿದ್ದರೆ ಜುಲೈ ತಿಂಗಳ ತೇವಕ್ಕೆ ಹಲಗೆ ಸೊಟ್ಟಗಾಗಿ ಹಳಿಯ ಕೂಡುಗಳು ಬಿಟ್ಟುಕೊಳ್ಳುತ್ತವೆ.

ಎಡತುದಿಯ ಎರಡೂವರೆ ಅಡಿಯನ್ನು ಮಾವಿನ ತೋಪಿನ ಮರೆಗೆ ಬಿಡಿ; ರೈಲು ಕಾದು ನಿಲ್ಲುವ ಜಾಗ ಅದು. ಒಂದು ಇಂಜಿನ್, ಎರಡೇ ಬೋಗಿ. ನಿಜವಾದ ಬೋಗಿಯ ಉದ್ದ 21 ಮೀಟರ್‌ಗೂ ಹೆಚ್ಚು, ಮಾದರಿಯಲ್ಲಿ ಅದು 24 ಸೆಂ.ಮೀ. ದಾಟುತ್ತದೆ, ಮೂರನೆಯದನ್ನು ಸೇರಿಸಿದರೆ ತೋಪಿನಿಂದ ಬಾಲ ಹೊರಗೆ ಉಳಿಯುತ್ತದೆ. ನಿಲ್ದಾಣದಲ್ಲಿ ಎರಡು ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಕವಲು) ಹಾಕಿ ಪಕ್ಕದ ಹಳಿಯೊಂದನ್ನು ಕೊಡಿ, ಇಂಜಿನ್ ಬಿಚ್ಚಿಕೊಂಡು ಇನ್ನೊಂದು ತುದಿಗೆ ಬರಲು. ಹಳಿಯನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಹಾಕಬೇಡಿ, ತುಸು ಓರೆಯಾಗಿರಲಿ, ಜಾಗ ದೊಡ್ಡದೆನಿಸುತ್ತದೆ. ವಿದ್ಯುತ್ ಕೆಲಸ ಸರಳ: ರೈಲಿನ ವೇಗ ಹಿಡಿತದಲ್ಲಿಡುವ 12 ವೋಲ್ಟ್ ಡಿಸಿ ಕಂಟ್ರೋಲರ್‌ನಿಂದ ಎರಡು ತಂತಿ, ಪ್ರತಿ ಹಲಗೆಯ ಹಳಿಗೂ ಪ್ರತ್ಯೇಕ ಬೆಸುಗೆ. ತಂತಿ, ಸ್ವಿಚ್, ಬೆಸುಗೆ ಕಡ್ಡಿ ಪುಣೆಯ ತಾಪ್ಕೀರ್ ಗಲ್ಲಿಯಲ್ಲಿ ಸಿಗುತ್ತವೆ. ರೈಲು ಎಲ್ಲೂ ಮುಗ್ಗರಿಸದೆ ಓಡಿದ ಮೇಲಷ್ಟೇ ಮಣ್ಣು ಮುಟ್ಟಿ.

ಈಗ ಊರಿನ ಕೆಲಸ. ಇದಕ್ಕೆ ಆತುರ ಬೇಡ. ಥರ್ಮಾಕೋಲ್ ಕೊರೆದು ದಿಬ್ಬ, ಇಳಿಜಾರು ಮಾಡಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಹಳೆಯ ಪಂಚೆಯ ತುಂಡು ಹೊದಿಸಿ. ಒಣಗಿದ ನಂತರ ಕಂದು ಬಣ್ಣ, ಅದರ ಮೇಲೆ ಮಣ್ಣು. ಊರಿಗೆ ಹೋದಾಗ ಒಂದು ಡಬ್ಬಿ ಮಣ್ಣು ತನ್ನಿ. ಬಾಣಲೆಯಲ್ಲಿ ಚೆನ್ನಾಗಿ ಹುರಿದು, ತೆಳುಬಟ್ಟೆಯಲ್ಲಿ ಸೋಸಿ ಬಳಸಿ. ಹುರಿಯದಿದ್ದರೆ ಹುಳು, ಬೂಷ್ಟು ಬರುತ್ತವೆ. ಹಳಿಯ ನಡುವಿನ ಜಲ್ಲಿಗೆ ಸೋಸಿದ ಒರಟು ಮರಳು ಸಾಕು. ಅದನ್ನು ಕುಂಚದಿಂದ ಹರವಿ, ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ನೀರು ಚಿಮುಕಿಸಿ. ಬಳಿಕ ಸಮಪಾಲು ನೀರು ಸೇರಿಸಿದ ಫೆವಿಕಾಲ್ ಅನ್ನು ಡ್ರಾಪರ್‌ನಿಂದ ಬಿಡಿ. ಮೊದಲೇ ತೇವವಾದ ಮರಳು ಅಂಟನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಾಯಿಂಟ್‌ನ ಚಲಿಸುವ ನಾಲಿಗೆಗೆ ಮಾತ್ರ ಒಂದು ಹನಿಯೂ ತಾಗಬಾರದು.

ಹಂಚಿನ ಮಾಡಿಗೆ ಪಾರ್ಸೆಲ್ ರಟ್ಟು ಬಳಸಿ. ಮೇಲಿನ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಮೆಲ್ಲಗೆ ಸುಲಿದರೆ ಒಳಗಿನ ಏರಿಳಿತದ ಸಾಲುಗಳು ಹೊರಬೀಳುತ್ತವೆ. ಸಣ್ಣ ಏಣುಗಳ ರಟ್ಟನ್ನೇ ಆರಿಸಿ, 4 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ, ಸೂರಿನಿಂದ ಮೇಲಕ್ಕೆ ಒಂದರ ಮೇಲೊಂದು ಚೂರು ಏರುವಂತೆ ಅಂಟಿಸಿ. ಇಡೀ ಮಾಡಿಗೆ ಒಂದೇ ಕೆಂಪು ಬಳಿಯಬೇಡಿ. ಮಳೆಸೀಮೆಯ ಹಂಚು ಪಾಚಿಗಟ್ಟಿ ಕಪ್ಪಾಗಿರುತ್ತದೆ, ನಡುವೆ ಆ ವರ್ಷ ಬದಲಿಸಿದ ನಾಲ್ಕಾರು ಹಂಚು ಮಾತ್ರ ಹೊಸ ಕೆಂಪು. ಬಣವೆಗೆ ಸಣ್ಣಗೆ ಕತ್ತರಿಸಿದ ಸೆಣಬು, ಕೂಳೆಗೆ ಹಳೆಯ ಬ್ರಷ್ಷಿನ ಕೂದಲು. ಪ್ಲಾಟ್‌ಫಾರ್ಮ್ ತಗ್ಗಾಗಿರಲಿ, ಅರ್ಧ ಸೆಂಟಿಮೀಟರ್ ಸಾಕು. ಹಳದಿ ನಾಮಫಲಕದಲ್ಲಿ ಕಪ್ಪಕ್ಷರ: ಮೇಲೆ ಕನ್ನಡ, ನಡುವೆ ಹಿಂದಿ, ಕೆಳಗೆ ಇಂಗ್ಲಿಷ್, ಅಡಿಯಲ್ಲಿ ಸಮುದ್ರಮಟ್ಟದಿಂದ ಎತ್ತರ.

ಜನರನ್ನು ಕೊನೆಗೆ ಇರಿಸಿ, ಕಡಿಮೆ ಇರಿಸಿ. ಎಲ್ಲರೂ ರೈಲನ್ನೇ ನೋಡುತ್ತಿದ್ದರೆ ಅದು ಗೊಂಬೆಗಳ ಪ್ರದರ್ಶನದಂತಾಗುತ್ತದೆ. ಗೇಟಿನ ಬಳಿ ಎತ್ತಿನ ಗಾಡಿ, ಸೈಕಲ್ಲಿನಲ್ಲಿ ಹಾಲಿನ ಕ್ಯಾನ್, ಹಸಿರು ಬಾವುಟ ಹಿಡಿದ ಗೇಟ್‌ಮನ್. ಬಾವಿಕಟ್ಟೆಯ ಹೆಂಗಸರು ರೈಲಿಗೆ ಬೆನ್ನು ಹಾಕಿ ಮಾತಾಡುತ್ತಿರಲಿ.

ಓಡಿಸುವಾಗ ನಿಮ್ಮದೇ ವೇಳಾಪಟ್ಟಿ ಮಾಡಿಕೊಳ್ಳಿ. ಗೇಟು ಮುಚ್ಚಿ, ಸಿಗ್ನಲ್ ಕೊಟ್ಟು, ರೈಲನ್ನು ನಿಧಾನವಾಗಿ ಒಳತನ್ನಿ. ಎರಡು ನಿಮಿಷ ನಿಲ್ಲಿಸಿ, ಇಂಜಿನನ್ನು ಪಕ್ಕದ ಹಳಿಯಿಂದ ಇನ್ನೊಂದು ತುದಿಗೆ ತಂದು ಮರಳಿ ಕಳುಹಿಸಿ. ತೋಪಿನ ಮರೆಯಲ್ಲಿ ಇಂಜಿನನ್ನು ಕೈಯಿಂದ ಎತ್ತಿ ಮುಂದಿನ ಬಾರಿಗೆ ಸಜ್ಜು ಮಾಡಿ. ಮನೆಯಲ್ಲಿ ಅಜ್ಜಿ ಇದ್ದರೆ ಗೇಟಿನ ಉಸ್ತುವಾರಿ ಅವರಿಗೆ, ಪಾಯಿಂಟ್ ಮಕ್ಕಳಿಗೆ ಕೊಡಿ. ವಾರಕ್ಕೊಮ್ಮೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಹಳಿ, ಚಕ್ರ ಒರೆಸಿ. ಉಪ್ಪುಕಾಗದ ಉಜ್ಜಿದರೆ ಗೀರು ಬಿದ್ದು ಕೊಳೆ ಇನ್ನೂ ಬೇಗ ಕೂರುತ್ತದೆ. ಮಳೆಗಾಲದಲ್ಲಿ ಇಂಜಿನ್, ಬೋಗಿಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.